ಕಡಲಿಲ್ಲದ ಊರಿನ ಮೀನಂಗಡಿ: ಲಾಂಗ್ ಜಾನ್ ಸಿಲ್ವರ್ಸ್ ಬೆಳೆದದ್ದು ಹೇಗೆ, ಕುಗ್ಗಿದ್ದು ಏಕೆ?

ಪ್ರಶ್ನೆ: ನಾನು ಕುಂದಾಪುರದವನು. ಮಗಳು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿದ್ದಾಳೆ. ಈ ಸಲ ಅಲ್ಲಿಗೆ ಹೋಗಿದ್ದಾಗ ಲಾಂಗ್ ಜಾನ್ ಸಿಲ್ವರ್ಸ್ ಅನ್ನುವ ಕಡೆ ಕರಿದ ಮೀನು ತಿಂದೆವು. ಈ ಅಂಗಡಿ ಹುಟ್ಟಿದ್ದೇ ಲೆಕ್ಸಿಂಗ್ಟನ್‌ನಲ್ಲಂತೆ. ಒಂದು ಕಾಲಕ್ಕೆ ಊರೂರಿಗೂ ಇತ್ತಂತೆ, ಈಗ ಹುಡುಕಿಕೊಂಡು ಹೋಗಬೇಕು. ಸಮುದ್ರವೇ ಇಲ್ಲದ ಊರಿನಲ್ಲಿ ಮೀನಂಗಡಿ ಹುಟ್ಟಿದ್ದು ಹೇಗೆ? ಕೋಳಿ, ಬರ್ಗರ್ ಅಂಗಡಿಗಳು ಬೆಳೆಯುತ್ತಲೇ ಇರುವಾಗ ಇದೊಂದೇ ಏಕೆ ಕುಗ್ಗಿತು? ಈಗ ಬೋರ್ಡಿನ ಮೇಲೆ ಮೀನಿನ ಬದಲು ಕೋಳಿ ಬಂದಿದೆ ಎಂದು ಮಗಳು ಹೇಳುತ್ತಾಳೆ, ನಿಜವೇ? ಕೊನೆಯದಾಗಿ, ಆ ಮೀನಿಗೆ ನಮ್ಮ ಮೀನಿನ ರುಚಿ ಏಕಿಲ್ಲ?

ಉತ್ತರ: ಮೀನು ಸಂಸ್ಕರಣೆ ನಾನು ಓದಿದ ವಿಷಯ, ದುಡಿದ ಕ್ಷೇತ್ರ. ಅಂಗಡಿಯ ಹಿಂದಿರುವ ಮೀನಿನ ಕಡೆಯಿಂದಲೇ ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೇಳುತ್ತೇನೆ. ಅಮೆರಿಕದವರಿಗೆ ಮೀನು ಬೇಡವಾಯಿತು, ಅದಕ್ಕೆ ಅಂಗಡಿ ಮುಚ್ಚಿತು ಎನ್ನುವವರಿದ್ದಾರೆ. ಅದು ಸರಿಯಲ್ಲ. ಈ ಕಥೆಯನ್ನು ನಡೆಸಿದ್ದು ಎರಡು ಸಂಗತಿಗಳು. ಒಂದು, ಮೀನು ಕೋಳಿಯಂತೆ ಸಾಕಿದ ಪ್ರಾಣಿಯಲ್ಲ, ಸಮುದ್ರ ಕೊಟ್ಟಷ್ಟೇ ಸಿಗುತ್ತದೆ. ಎರಡು, ಕಂಪನಿಯನ್ನು ಕೊಂಡವರು ಅದರ ತಲೆಯ ಮೇಲೆಯೇ ಹೊರಿಸಿದ ಸಾಲ.

ಮೊದಲು ಹುಟ್ಟಿನ ವಿಚಾರ. 1929ರಲ್ಲಿ ಜೆರೋಮ್ ಲೆಡರರ್ ಎಂಬವರು ಕೆಂಟಕಿಯ ಶೆಲ್ಬಿವಿಲ್ ಎಂಬ ಸಣ್ಣ ಊರಿನಲ್ಲಿ ವೈಟ್ ಟ್ಯಾವರ್ನ್ ಶಾಪ್ ಎಂಬ ಹೆಸರಿನ ಹ್ಯಾಂಬರ್ಗರ್ ಅಂಗಡಿ ತೆರೆದರು. ಮುಂದೆ ಅದು ಜೆರ್ರೀಸ್ ಎಂಬ ಊಟದ ಮನೆಗಳ ಸರಣಿಯಾಯಿತು, ಕಂಪನಿಗೆ ಜೆರಿಕೊ ಎಂಬ ಹೆಸರು ಬಂತು. ಲೆಡರರ್ ನಂತರ ಅದನ್ನು ಬೆಳೆಸಿದವರು ವಾರನ್ ರೋಸೆಂತಾಲ್. ಅವರ ಕಾಲದಲ್ಲಿ, 1969ರ ಆಗಸ್ಟಿನಲ್ಲಿ, ಲೆಕ್ಸಿಂಗ್ಟನ್‌ನ ಸೌತ್‌ಲ್ಯಾಂಡ್ ಡ್ರೈವ್‌ನಲ್ಲಿ ಮೊದಲ ಲಾಂಗ್ ಜಾನ್ ಸಿಲ್ವರ್ಸ್ ತೆರೆಯಿತು. ಮೀನಿನ ಅಂಗಡಿಯ ಯೋಜನೆಯನ್ನು ರೂಪಿಸಿ ಮುನ್ನಡೆಸಿದವರು ಕಂಪನಿಯಲ್ಲೇ ಇದ್ದ ಜಿಮ್ ಪ್ಯಾಟರ್ಸನ್. ಹೆಸರನ್ನು ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವರ ಕಡಲುಗಳ್ಳರ ಕಾದಂಬರಿಯ ಒಂಟಿಕಾಲಿನ ಪಾತ್ರದಿಂದ ಎತ್ತಿಕೊಂಡರು.

ಆ 1969ನ್ನು ಸ್ವಲ್ಪ ಗಮನಿಸಿ ನೋಡಬೇಕು. ಅದೇ ಆಗಸ್ಟಿನಲ್ಲಿ ಪಕ್ಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ಹತ್ತಿರ ರೇ ಡ್ಯಾನರ್ ಎಂಬವರು ಮಿಸ್ಟರ್ ಡೀಸ್ ಸೀಫುಡ್ ತೆರೆದರು. ಇಂದಿನ ಕ್ಯಾಪ್ಟನ್ ಡೀಸ್ ಅದೇ. ಅದೇ ವರ್ಷ ಒಹಾಯೊದ ಕೊಲಂಬಸ್‌ನಲ್ಲಿ ಆರ್ಥರ್ ಟ್ರೀಚರ್ಸ್ ಫಿಶ್ ಅಂಡ್ ಚಿಪ್ಸ್ ಶುರುವಾಯಿತು. ವಾಷಿಂಗ್ಟನ್ ರಾಜ್ಯದ ಬೆಲ್ವ್ಯೂನಲ್ಲಿ ಸ್ಕಿಪ್ಪರ್ಸ್ ಬಂತು. ಇಂಗ್ಲೆಂಡಿನಿಂದ ಬಂದ ಹ್ಯಾಡನ್ ಸಾಲ್ಟ್ ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ತೆರೆದಿದ್ದ ಎಚ್. ಸಾಲ್ಟ್ ಅಂಗಡಿಗಳನ್ನು ಕೆಂಟಕಿ ಫ್ರೈಡ್ ಚಿಕನ್ ಕಂಪನಿ ಕೊಂಡದ್ದೂ 1969ರಲ್ಲೇ. (ನಮ್ಮ ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿ ಶುರುವಾದ ವರ್ಷವೂ ಅದೇ ಆದ್ದರಿಂದ ಇಸವಿ ನನಗೆ ಮರೆಯುವುದಿಲ್ಲ.)

ಇಷ್ಟು ಜನಕ್ಕೆ ಒಂದೇ ವರ್ಷ ಮೀನಿನ ಯೋಚನೆ ಬಂದದ್ದು ಕಾಕತಾಳೀಯವಲ್ಲ. ಕರ್ನಲ್ ಸ್ಯಾಂಡರ್ಸ್ 1964ರಲ್ಲಿ ತಮ್ಮ ಕೋಳಿ ವ್ಯಾಪಾರವನ್ನು ಎರಡು ಮಿಲಿಯನ್ ಡಾಲರಿಗೆ ಮಾರಿದ್ದರು. ಕೊಂಡವರು ನಾಲ್ಕೈದು ವರ್ಷಗಳಲ್ಲಿ ಅದನ್ನು ಇಡೀ ದೇಶಕ್ಕೆ ಹಬ್ಬಿಸಿದ್ದರು. ಕೆಂಟಕಿ, ಟೆನೆಸೀ, ಒಹಾಯೊ ಸುತ್ತಿನ ಹೋಟೆಲಿನವರೆಲ್ಲ ಅದನ್ನು ಕಣ್ಣಾರೆ ಕಂಡಿದ್ದರು. ಒಂದೇ ಪದಾರ್ಥ, ಒಂದೇ ವಿಧಾನ, ಫ್ರಾಂಚೈಸಿ (ಹಣ ಪಡೆದು ಬೇರೆಯವರಿಗೆ ಕೊಡುವ, ಅಂಗಡಿಯ ಹೆಸರು ಬಳಸುವ ಹಕ್ಕು) ಕೊಟ್ಟು ಸಾವಿರಾರು ಅಂಗಡಿ. ಬರ್ಗರ್ ಆಯಿತು, ಕೋಳಿ ಆಯಿತು, ಇನ್ನು ಉಳಿದದ್ದು ಮೀನು ಎಂಬ ಲೆಕ್ಕ ಎಲ್ಲರದೂ.

ಆದರೆ ಲೆಕ್ಸಿಂಗ್ಟನ್‌ನಿಂದ ಅಟ್ಲಾಂಟಿಕ್‌ಗೆ ನೂರಾರು ಮೈಲಿ. ಮೀನು ಎಲ್ಲಿಂದ ಬರಬೇಕು? ಇದು ನನಗೆ ಅತ್ಯಂತ ಪ್ರಿಯವಾದ ಭಾಗ. ಉತ್ತರ ಅಟ್ಲಾಂಟಿಕ್‌ನಲ್ಲಿ ಹಿಡಿದ ಕಾಡ್ ಮೀನಿನ ಚರ್ಮ, ಮುಳ್ಳು ತೆಗೆದು ಫಿಲೆ ಮಾಡುತ್ತಾರೆ. ಆ ಫಿಲೆಗಳನ್ನು ಮೇಣ ಹಚ್ಚಿದ ರಟ್ಟಿನ ಪೆಟ್ಟಿಗೆಯೊಳಗೆ, ಮೂಲೆಯಲ್ಲೂ ಸಂದು ಉಳಿಯದಂತೆ, ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸುತ್ತಾರೆ. ಪೆಟ್ಟಿಗೆಯನ್ನು ಲೋಹದ ಚೌಕಟ್ಟಿನಲ್ಲಿಟ್ಟು ಪ್ಲೇಟ್ ಫ್ರೀಜರಿನ ಎರಡು ತಣ್ಣನೆಯ ಹಲಗೆಗಳ ನಡುವೆ ಒತ್ತಿ ಹಿಡಿದರೆ, ಕೆಲವು ಗಂಟೆಗಳಲ್ಲಿ ಅದು ಇಟ್ಟಿಗೆಯಷ್ಟು ಗಟ್ಟಿಯಾದ ಚಪ್ಪಟೆ ಬ್ಲಾಕ್ ಆಗುತ್ತದೆ. ಈ ಬ್ಲಾಕಿನ ಸಾಮಾನ್ಯ ತೂಕ ಹದಿನಾರೂವರೆ ಪೌಂಡ್, ಅಂದರೆ ಸುಮಾರು ಏಳೂವರೆ ಕಿಲೊ. ಕರಗಿಸದೆಯೇ ಬ್ಯಾಂಡ್ ಗರಗಸದಲ್ಲಿ ಕೊಯ್ದರೆ ಪ್ರತಿ ತುಂಡೂ ಇಷ್ಟೇ ಗ್ರಾಮ್, ಇಷ್ಟೇ ದಪ್ಪ ಬರುವಂತೆ ಮಾಡಬಹುದು. ಮಲ್ಪೆ, ಮಂಗಳೂರಿನ ರಫ್ತು ಕಾರ್ಖಾನೆಗಳಲ್ಲಿ ಬೊಂಡಾಸ್, ಪಾಂಬೋಳ್ ಬ್ಲಾಕ್ ಕಟ್ಟುವುದನ್ನು ನೀವು ನೋಡಿದ್ದರೆ ಯಂತ್ರ ಅದೇ, ಕೆಲಸವೂ ಹೆಚ್ಚುಕಡಿಮೆ ಅದೇ. 1953ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಫಿಶ್ ಸ್ಟಿಕ್‌ಗಳು (ಹೊರಪದರ ಹಚ್ಚಿದ ಉದ್ದನೆಯ ಮೀನಿನ ತುಂಡುಗಳು) ಈ ಬ್ಲಾಕಿಗೆ ದೊಡ್ಡ ಗಿರಾಕಿಯನ್ನು ಹುಟ್ಟಿಸಿದವು. ಬ್ಲಾಕ್ ಬಂದ ಮೇಲೆ ಮೀನಿಗೆ ಬಂದರಿನ ಹಂಗಿಲ್ಲ. ಫ್ರೀಜರ್ ಲಾರಿ ಹೋಗುವ ಕಡೆಯೆಲ್ಲ ಮೀನು ಹೋಗುತ್ತದೆ.

ಅಷ್ಟೇ ಅಲ್ಲ, ಸಮುದ್ರವಿಲ್ಲದ ಊರೇ ಈ ವ್ಯಾಪಾರಕ್ಕೆ ಅನುಕೂಲವೂ ಆಗಿತ್ತು. ಬಾಸ್ಟನ್‌ನಂಥ ಬಂದರಿನ ಊರಿನವರಿಗೆ ದಿನವೂ ತಾಜಾ ಮೀನು ಕೊಡುವ ಅಂಗಡಿಗಳಿವೆ, ಅವರ ಮುಂದೆ ಫ್ರೋಜನ್ ಮೀನು ನಿಲ್ಲುವುದು ಕಷ್ಟ. ಕೆಂಟಕಿ, ಇಂಡಿಯಾನಾ, ಒಹಾಯೊದಲ್ಲಿ ಅಂಥ ಪೈಪೋಟಿಯೇ ಇರಲಿಲ್ಲ. ಕಡಲು ನೋಡದವರಿಗೆ ಕಡಲಿನ ವೇಷವೂ ಹಿಡಿಸಿತು. ಅಂಗಡಿಯ ಕಟ್ಟಡಗಳೇ ಹಾಗಿದ್ದವು: ಕಡಿದಾದ ಮಾಡು, ಅದರ ಮೇಲೊಂದು ಪುಟ್ಟ ಗೋಪುರ, ಬಾಗಿಲಿಗೆ ಹೋಗುವ ದಾರಿಯಲ್ಲಿ ಧಕ್ಕೆಯಲ್ಲಿರುವಂಥ ಮರದ ಗೂಟಗಳು, ಗೂಟದಿಂದ ಗೂಟಕ್ಕೆ ದಪ್ಪ ಹಗ್ಗ. ಹೊರಗೆ ಹೋಗುವ ಬಾಗಿಲ ಪಕ್ಕ ಒಂದು ಹಡಗಿನ ಗಂಟೆ. ಊಟ ಚೆನ್ನಾಗಿದ್ದರೆ ಗಿರಾಕಿ ಅದನ್ನು ಬಾರಿಸಬೇಕು, ಒಳಗಿನ ಸಿಬ್ಬಂದಿ ದನಿಗೂಡಿಸಿ ವಂದನೆ ಹೇಳಬೇಕು. ಆ ಕಾಲದಲ್ಲಿ ಮಕ್ಕಳಾಗಿದ್ದವರನ್ನು ಕೇಳಿ ನೋಡಿ, ಮೀನಿಗಿಂತ ಮೊದಲು ಗಂಟೆಯನ್ನೇ ನೆನೆಯುತ್ತಾರೆ.

ತಟ್ಟೆಯಲ್ಲಿ ಇಂಗ್ಲೆಂಡಿನ ಫಿಶ್ ಅಂಡ್ ಚಿಪ್ಸ್ ಜೊತೆ ಅಮೆರಿಕದ ದಕ್ಷಿಣ ಭಾಗದ ಊಟ ಕೂಡಿಕೊಂಡಿತು. ಕರಿದ ಮೀನು, ಆಲೂಗಡ್ಡೆ, ಮಾಲ್ಟ್ ವಿನೆಗರ್ ಇಂಗ್ಲೆಂಡಿನವು. ಕೋಸಿನ ಕೋಸಂಬರಿಯಂಥ ಕೋಲ್‌ಸ್ಲಾ, ಮೆಕ್ಕೆಜೋಳದ ಹಿಟ್ಟಿನ ಉಂಡೆ ಕರಿದು ಮಾಡುವ ಹಶ್‌ಪಪ್ಪಿ ಆ ಸೀಮೆಯವು. ಮೀನಿಗೆ ಹಿಟ್ಟು ಹಚ್ಚುವುದು ಕಾರ್ಖಾನೆಯಲ್ಲಲ್ಲ, ಅಂಗಡಿಯಲ್ಲೇ. ಅಡುಗೆಯವರು ತುಂಡನ್ನು ತೆಳ್ಳನೆಯ ಹಿಟ್ಟಿನಲ್ಲಿ ಅದ್ದಿ, ಎಣ್ಣೆಗೆ ಬಿಡುವಾಗ ಒಂದೇಟಿಗೆ ಕೈಬಿಡುವುದಿಲ್ಲ. ತುದಿ ಹಿಡಿದು ಎಣ್ಣೆಯ ಮೇಲ್ಮೈಯಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಾರೆ. ಹಿಟ್ಟಿನ ಹೊರಪದರ ಕ್ಷಣದಲ್ಲಿ ಗಟ್ಟಿಯಾಗಿ, ಒಳಗೆ ಗಾಳಿ ತುಂಬಿ ತುಂಡು ತೇಲತೊಡಗಿದ ಮೇಲೆ ಬಿಡುತ್ತಾರೆ. ಮೊದಲೇ ಬಿಟ್ಟರೆ ಅದು ತಳಕ್ಕೆ ಹೋಗಿ ಜಾಲರಿಗೆ ಅಂಟಿಕೊಳ್ಳುತ್ತದೆ. ಮೀನಿನೊಳಗಿನ ನೀರು ಹಬೆಯಾಗಿ, ಹಿಟ್ಟಿನ ಕವಚದೊಳಗೇ ಮಾಂಸವನ್ನು ಬೇಯಿಸುತ್ತದೆ. ಎಳೆದಾಡುವಾಗ ಉದುರುವ ಹಿಟ್ಟಿನ ಹನಿಗಳು ಬಜ್ಜಿಯ ಬಾಣಲೆಯಲ್ಲಿ ಉಳಿಯುವ ಕಾಳಿನಂತೆ ಗರಿಗರಿಯಾಗಿ ಮೇಲೆ ತೇಲುತ್ತವೆ. ಅದನ್ನು ಬಾಚಿ ಡಬ್ಬಿಯ ತುಂಬ ಸುರಿದು ಕೊಡುವುದು ಈ ಅಂಗಡಿಯ ರೂಢಿ. ಅದನ್ನೇ ಕೇಳಿ ಹಾಕಿಸಿಕೊಳ್ಳುವ ಗಿರಾಕಿಗಳಿದ್ದಾರೆ.

ಇದೆಲ್ಲ ಜನಕ್ಕೆ ಇಷ್ಟವಾಯಿತು. 1980ರ ದಶಕ ಮುಗಿಯುವ ಹೊತ್ತಿಗೆ ಸುಮಾರು 1,500 ಅಂಗಡಿಗಳಿದ್ದವು. ವೇಗದ ಮೀನೂಟದಲ್ಲಿ ಅಮೆರಿಕದಲ್ಲಿ ಇದಕ್ಕೆ ಸರಿಸಾಟಿ ಇನ್ನೊಂದಿರಲಿಲ್ಲ.

ಕುಗ್ಗಿದ್ದೇಕೆ ಎನ್ನುವುದಕ್ಕೆ ಮೊದಲು ಆರ್ಥರ್ ಟ್ರೀಚರ್ಸ್ ಕಥೆ ಹೇಳಲೇಬೇಕು, ಏಕೆಂದರೆ ಕಾಯಿಲೆ ಮೊದಲು ಕಂಡದ್ದು ಅಲ್ಲಿ. ಸಿನಿಮಾದಲ್ಲಿ ಬಟ್ಲರ್ ಪಾತ್ರಗಳಿಗೆ ಹೆಸರಾಗಿದ್ದ ಇಂಗ್ಲಿಷ್ ನಟ ಆರ್ಥರ್ ಟ್ರೀಚರ್ ಅವರ ಹೆಸರಿನ ಈ ಸರಣಿ 1970ರ ದಶಕದಲ್ಲಿ 800 ಅಂಗಡಿ ದಾಟಿತ್ತು. ಅವರ ಹೆಮ್ಮೆ ಐಸ್‌ಲ್ಯಾಂಡಿನ ಕಾಡ್. ಅದೇ ದಶಕದಲ್ಲಿ ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆ ಗಡಿಯನ್ನು 1972ರಲ್ಲಿ 50 ನಾಟಿಕಲ್ ಮೈಲಿಗೂ 1975ರಲ್ಲಿ 200 ನಾಟಿಕಲ್ ಮೈಲಿಗೂ ವಿಸ್ತರಿಸಿತು. ಬ್ರಿಟಿಷ್ ಟ್ರಾಲರುಗಳು ಒಪ್ಪಲಿಲ್ಲ. ಐಸ್‌ಲ್ಯಾಂಡಿನ ಕಾವಲು ಹಡಗುಗಳು ಟ್ರಾಲರುಗಳ ಬಲೆಯ ತಂತಿಯನ್ನೇ ಕತ್ತರಿಸಿದವು, ಬ್ರಿಟನ್ ಯುದ್ಧನೌಕೆ ಕಳಿಸಿತು. 1976ರಲ್ಲಿ ಬ್ರಿಟನ್ ಹಿಂದೆ ಸರಿಯಿತು. ಚರಿತ್ರೆಯಲ್ಲಿ ಇದಕ್ಕೆ ಕಾಡ್ ಯುದ್ಧಗಳೆಂದು ಹೆಸರು. ತನ್ನ ಮೀನನ್ನು ತಾನು ಉಳಿಸಿಕೊಂಡ ಆ ಪುಟ್ಟ ದೇಶದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೆ ಕಾಡ್ ಬೆಲೆ ಮೇಲೇರಿ, ಒಹಾಯೊದ ಅಂಗಡಿಗಳಿಗೆ ಅದರ ಬಿಸಿ ತಟ್ಟಿತು.

1979ರಲ್ಲಿ ಟ್ರೀಚರ್ಸ್ ಅನ್ನು ಫಿಲಡೆಲ್ಫಿಯಾದ ಮಿಸೆಸ್ ಪಾಲ್ಸ್ ಎಂಬ ಫ್ರೋಜನ್ ಮೀನಿನ ಕಂಪನಿ ಕೊಂಡಿತು. ಕೊಂಡವರು ಐಸ್‌ಲ್ಯಾಂಡಿನ ಕಾಡ್ ಬಿಟ್ಟು ಅಗ್ಗದ ಮೀನಿಗೆ ಹೊರಳಿದರು. ಗಿರಾಕಿಗಳು ಮೊದಲ ತುತ್ತಿಗೇ ವ್ಯತ್ಯಾಸ ಹಿಡಿದರು. ಫ್ರಾಂಚೈಸಿದಾರರು ರೊಚ್ಚಿಗೆದ್ದು ರಾಯಲ್ಟಿ ಕಟ್ಟುವುದನ್ನೇ ನಿಲ್ಲಿಸಿದರು, ಜಗಳ ಕೋರ್ಟಿಗೆ ಹೋಯಿತು. ಮೂರು ವರ್ಷದಲ್ಲಿ ಮಿಸೆಸ್ ಪಾಲ್ಸ್ ಕೈತೊಳೆದುಕೊಂಡಿತು. ಇಂದು ಆ ಹೆಸರಿನ ಅಂಗಡಿಗಳು ಈಶಾನ್ಯ ಒಹಾಯೊ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ನನ್ನ ಪ್ರಕಾರ ಆ ಸರಣಿಯನ್ನು ಮುಳುಗಿಸಿದ್ದು ಬೆಲೆಯೇರಿಕೆಯಲ್ಲ. ಬೆಲೆ ಏರಿದಾಗ ಮೀನನ್ನೇ ಬದಲಿಸಿ, ಗಿರಾಕಿಗೆ ಗೊತ್ತಾಗದು ಅಂದುಕೊಂಡದ್ದು.

ಕೋಳಿಯವರಿಗೆ ಈ ಫಜೀತಿಯಿಲ್ಲ. ಬ್ರಾಯ್ಲರ್ ಮರಿ ಆರೇಳು ವಾರದಲ್ಲಿ ಕಡಿಯುವ ತೂಕಕ್ಕೆ ಬರುತ್ತದೆ. ಬೇಡಿಕೆ ಹೆಚ್ಚಿದರೆ ಇನ್ನಷ್ಟು ಶೆಡ್ ಕಟ್ಟಿದರಾಯಿತು. ಕಾಡ್ ಮೀನು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ವರ್ಷಗಳೇ ಬೇಕು, ಎಷ್ಟು ಮರಿ ಉಳಿಯಬೇಕೆಂದು ನಿರ್ಧರಿಸುವುದು ಸಮುದ್ರ. ಜೂನ್, ಜುಲೈನಲ್ಲಿ ಟ್ರಾಲರ್ ನಿಷೇಧವಿದ್ದಾಗ ಕುಂದಾಪುರದಲ್ಲಿ ಬಂಗುಡೆ ಯಾವ ಬೆಲೆಗೆ ಹೋಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮೀನೂಟದ ಹೋಟೆಲಿನವರು ಬೋರ್ಡಿನಲ್ಲಿ ಫ್ರೈ ಬೆಲೆ ಬರೆಯದೆ ಆ ದಿನದ ದರ ಬಾಯಲ್ಲಿ ಹೇಳುತ್ತಾರೆ. ಇಡೀ ದೇಶದ ಟಿವಿಯಲ್ಲಿ ಒಂದೇ ಬೆಲೆ ಸಾರುವ ಸರಣಿಗೆ ಆ ಅವಕಾಶವಿಲ್ಲ.

ಮೀನಿಗೆ ಇನ್ನೂ ಒಂದು ಸಂಗತಿ ಅಂಟಿಕೊಂಡಿದೆ: ವಾರ ಮತ್ತು ವ್ರತ. ಕ್ಯಾಥೊಲಿಕರು ಶುಕ್ರವಾರ ಮಾಂಸ ಬಿಡುತ್ತಿದ್ದರು, ಮೀನಿಗೆ ಅಡ್ಡಿಯಿಲ್ಲ. ಮಂಗಳೂರಿನ ಕ್ರೈಸ್ತ ಮನೆಗಳಲ್ಲೂ ಇದನ್ನು ನೀವು ನೋಡಿರುತ್ತೀರಿ. ಸಿನ್ಸಿನಾಟಿಯಲ್ಲಿ ಮೆಕ್‌ಡೊನಾಲ್ಡ್ಸ್ ನಡೆಸುತ್ತಿದ್ದ ಲೂ ಗ್ರೋನ್ ಎಂಬವರ ಸುತ್ತ ಬಹುಪಾಲು ಕ್ಯಾಥೊಲಿಕರೇ ಇದ್ದುದರಿಂದ ಶುಕ್ರವಾರದ ವ್ಯಾಪಾರ ಪಾತಾಳಕ್ಕಿಳಿಯುತ್ತಿತ್ತು. 1962ರಲ್ಲಿ ಅವರು ಮೀನಿನ ಸ್ಯಾಂಡ್‌ವಿಚ್ ಮಾಡಿದರು. ಕಂಪನಿಯ ಯಜಮಾನ ರೇ ಕ್ರಾಕ್ ಮನಸ್ಸಿನಲ್ಲಿದ್ದದ್ದು ಅನಾನಸ್ ಹೋಳಿನ ಬರ್ಗರ್. ಎರಡನ್ನೂ ಗುಡ್ ಫ್ರೈಡೆಯಂದು ಮಾರಿ ನೋಡೋಣ ಎಂದಾಯಿತು. ಮೀನು 350 ಹೋಯಿತು, ಅನಾನಸ್ ಆರು. ಫಿಲೆ-ಒ-ಫಿಶ್ ಹುಟ್ಟಿದ್ದು ಹೀಗೆ. ಮುಂದೆ 1966ರಲ್ಲಿ ಅಮೆರಿಕದ ಬಿಷಪ್ಪರು ವರ್ಷವಿಡೀ ಇದ್ದ ಶುಕ್ರವಾರದ ಕಡ್ಡಾಯವನ್ನು ತೆಗೆದು, ಅದನ್ನು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲಕ್ಕೆ ಮಾತ್ರ ಉಳಿಸಿದರು. ಅದರಿಂದ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡ್‌ನ ಬಂದರುಗಳಲ್ಲಿ ಮೀನಿನ ಬೆಲೆ ಶೇಕಡಾ 12.5ರಷ್ಟು ಇಳಿಯಿತೆಂದು ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಬೆಲ್ ಲೆಕ್ಕ ಹಾಕಿದ್ದರು. ಮೀನಿನ ಸರಣಿಗಳಿಗೆ ಈಗಲೂ ಆ ಕೆಲವು ವಾರಗಳೇ ಸುಗ್ಗಿ. ಆದರೆ ಆಗ ಬರ್ಗರಿನವರೂ, ಕೋಳಿಯವರೂ ಮೆನುವಿಗೆ ಒಂದು ಮೀನು ಸೇರಿಸಿಬಿಡುತ್ತಾರೆ. ವರ್ಷವಿಡೀ ಕೋಳಿ ಮಾರಿ ಸುಗ್ಗಿಯಲ್ಲಿ ಮಾತ್ರ ಮೀನು ಮಾರುವವರ ಎದುರು ವರ್ಷವಿಡೀ ಮೀನನ್ನೇ ನಂಬಿದವರು ಏಗಬೇಕು.

ಈಗ ಸಾಲದ ವಿಚಾರ. 1989ರಲ್ಲಿ ನ್ಯೂಯಾರ್ಕಿನ ಕ್ಯಾಸಲ್ ಹಾರ್ಲನ್ ಎಂಬ ಹೂಡಿಕೆ ಸಂಸ್ಥೆ, ಕಂಪನಿಯ ಹಿರಿಯ ಅಧಿಕಾರಿಗಳ ಜೊತೆ ಸೇರಿ ಜೆರಿಕೊವನ್ನು ಕೊಂಡಿತು. ಬೆಲೆ 600 ಮಿಲಿಯನ್ ಡಾಲರಿಗೂ ಮೇಲೆ. ಇಂಥ ಖರೀದಿಯ ರೀತಿ ಹೀಗಿರುತ್ತದೆ: ಕೊಳ್ಳುವವರು ಕೈಯಿಂದ ಹಾಕುವ ಹಣ ಸ್ವಲ್ಪ, ಉಳಿದದ್ದು ಸಾಲ. ಆ ಸಾಲ ತೀರಿಸುವ ಹೊಣೆ ಕೊಂಡವರದಲ್ಲ, ಮಾರಾಟವಾದ ಕಂಪನಿಯದೇ. ಅಂದರೆ ಮಾರನೆಯ ದಿನದಿಂದ ಲಾಂಗ್ ಜಾನ್ ಸಿಲ್ವರ್ಸ್‌ನ ಗಲ್ಲಾಪೆಟ್ಟಿಗೆಯಿಂದ ಬಡ್ಡಿ ಹೋಗಲು ಶುರು. ಜೆರಿಕೊದ ಬೇರೆ ಊಟದ ಸರಣಿಗಳನ್ನು ಮಾರಿದರು, ಮೀನಂಗಡಿ ಒಂದೇ ಉಳಿಯಿತು. ಹಳೆಯ ಅಂಗಡಿಗೆ ಬಣ್ಣ ಬಳಿಯಬೇಕಾದ, ಎಣ್ಣೆಯ ಕೊಪ್ಪರಿಗೆ ಬದಲಿಸಬೇಕಾದ ಹಣ ಬಡ್ಡಿಯ ಪಾಲಾಯಿತು.

ಸಾಲ ಹೊತ್ತ ಮೂರೇ ವರ್ಷಕ್ಕೆ ಸಮುದ್ರ ಕೈಕೊಟ್ಟಿತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಐನೂರು ವರ್ಷ ಜಗತ್ತಿಗೆ ಕಾಡ್ ಉಣಿಸಿದ ಕಡಲು ಬರಿದಾಗಿತ್ತು. ತೇಲುವ ಕಾರ್ಖಾನೆಗಳಂಥ ಟ್ರಾಲರುಗಳು ದಶಕಗಳ ಕಾಲ ಮೊಟ್ಟೆಯಿಡುವ ಮೀನನ್ನೂ ಬಿಡದೆ ಗೋರಿದ್ದರ ಫಲ. 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹೇಳಿದ ನಿಷೇಧ ಮೂರು ದಶಕ ಎಳೆಯಿತು. ನಮ್ಮ ಕರಾವಳಿಯಲ್ಲಿ ಸಣ್ಣ ಕಣ್ಣಿನ ಬಲೆಯಿಂದ ಮರಿ ಮೀನನ್ನೂ ಎತ್ತುವವರಿಗೆ ನಾನು ಸದಾ ಹೇಳುವ ಉದಾಹರಣೆ ಇದು.

ಕಾಡ್ ದುಬಾರಿಯಾದಾಗ ಅಮೆರಿಕದ ಫಾಸ್ಟ್‌ಫುಡ್ ಮೀನು ಬಹುಪಾಲು ಅಲಾಸ್ಕಾ ಪೊಲಾಕ್ ಕಡೆ ತಿರುಗಿತು. ಬೇರಿಂಗ್ ಸಮುದ್ರದಲ್ಲಿ ಸಿಗುವ ಕಾಡ್ ಕುಟುಂಬದ್ದೇ ಮೀನು ಅದು, ಅಮೆರಿಕದ ಕಡೆಯಲ್ಲೇ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಹಿಡಿಯುತ್ತಾರೆ. ಮಿತಿ ಹಾಕಿ ಹಿಡಿಯುವುದರಿಂದ ಆ ಮೀನು ಇನ್ನೂ ಉಳಿದಿದೆ. ಆದರೆ ಕಾಡ್ ತುಂಡಿನ ದಪ್ಪ ಹಳಕು ಪೊಲಾಕ್‌ಗಿಲ್ಲ.

1998ರಲ್ಲಿ ಲಾಂಗ್ ಜಾನ್ ಸಿಲ್ವರ್ಸ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಮರುವರ್ಷ ಎ ಅಂಡ್ ಡಬ್ಲ್ಯೂ ಎಂಬ, ರೂಟ್‌ಬಿಯರ್ ಎನ್ನುವ ತಂಪು ಪಾನೀಯ ಮತ್ತು ಬರ್ಗರ್ ಮಾರುವ ಕಂಪನಿ ಅದನ್ನು ಕೊಂಡಿತು. 2002ರಲ್ಲಿ ಎರಡನ್ನೂ ಒಟ್ಟಿಗೆ ಕೊಂಡದ್ದು ಕೆಎಫ್‌ಸಿ, ಪಿಜ್ಜಾ ಹಟ್, ಟ್ಯಾಕೊ ಬೆಲ್‌ಗಳ ಒಡೆಯ. ಅದೇ ವರ್ಷ ಆ ಕಂಪನಿ ಯಮ್ ಬ್ರ್ಯಾಂಡ್ಸ್ ಎಂದು ಹೆಸರು ಬದಲಿಸಿಕೊಂಡಿತು. ಅದರ ಕೇಂದ್ರ ಕೆಂಟಕಿಯ ಲೂಯಿವಿಲ್.

ಯಮ್ ಉಪಾಯ ಒಂದೇ ಸೂರಿನಡಿ ಎರಡು ಬ್ರ್ಯಾಂಡ್. ಒಂದೇ ಕೌಂಟರಿನಲ್ಲಿ ಕೋಳಿಯೂ ಸಿಗಲಿ, ಮೀನೂ ಸಿಗಲಿ, ಮನೆಮಂದಿಯೆಲ್ಲ ಒಟ್ಟಿಗೆ ಬರಲಿ ಎಂಬ ಲೆಕ್ಕ. ಕಾಗದದ ಮೇಲೆ ಚೆಂದ. ಅಡುಗೆಮನೆಯಲ್ಲಿ ನೋಡಿದರೆ ಎರಡು ಬಗೆಯ ಹಿಟ್ಟು, ಎರಡು ಬಗೆಯ ಕೊಪ್ಪರಿಗೆ, ಎರಡರಷ್ಟು ಮೆನು, ಕೆಲಸದವರು ಮಾತ್ರ ಅಷ್ಟೇ. ಮೀನು ಕರಿದ ತಕ್ಷಣ ತಿನ್ನಬೇಕಾದ ಪದಾರ್ಥ. ಕರಿದದ್ದನ್ನು ಬಿಸಿಯಾಗಿಡುವ ದೀಪದ ಕೆಳಗೆ ಹತ್ತು ನಿಮಿಷ ಕೂತರೆ ಹಬೆಗೆ ಹಿಟ್ಟು ಮೆತ್ತಗಾಗುತ್ತದೆ. ಎರಡು ಬ್ರ್ಯಾಂಡಿನ ಗಡಿಬಿಡಿಯಲ್ಲಿ ಪೆಟ್ಟು ತಿಂದದ್ದು ಮೀನೇ ಎಂದು ನನ್ನ ಅಭಿಪ್ರಾಯ.

ಆ ವರ್ಷಗಳಲ್ಲೇ ಒಂದು ಸಂತೋಷದ ಪ್ರಸಂಗವೂ ಇದೆ. 2004ರ ಜನವರಿಯಲ್ಲಿ ನಾಸಾದ ರೋವರುಗಳು ಮಂಗಳ ಗ್ರಹದಲ್ಲಿ ಇಳಿದಾಗ, ಅಲ್ಲಿ ಸಮುದ್ರವಿತ್ತೆಂಬ ಪುರಾವೆ ಸಿಕ್ಕರೆ ಇಡೀ ಅಮೆರಿಕಕ್ಕೆ ಸಿಗಡಿ ಪುಕ್ಕಟೆ ಎಂದು ಕಂಪನಿ ಸಾರಿತು. ಮಂಗಳದಲ್ಲಿ ಒಮ್ಮೆ ನೀರಿತ್ತೆಂದು ಮಾರ್ಚಿನಲ್ಲಿ ನಾಸಾ ಪ್ರಕಟಿಸಿತು. ಮೇ 10ರಂದು ಅಂಗಡಿಗಳು ಸಿಗಡಿ ಹಂಚಿದವು.

ಚೀನಾ ಮಾರುಕಟ್ಟೆಯ ಮೇಲೆ ಕಣ್ಣಿಟ್ಟಿದ್ದ ಯಮ್‌ಗೆ ಮೀನು ಹೊರೆಯಾಗತೊಡಗಿತು. 2011ರ ಕೊನೆಗೆ ಅದು ಸರಣಿಯನ್ನು ಅದರದೇ ಫ್ರಾಂಚೈಸಿದಾರರಿದ್ದ ಒಂದು ಗುಂಪಿಗೆ ಮಾರಿತು. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯದೇ ಆಯಿತು, ಕೊಪ್ಪರಿಗೆಯ ಮುಂದೆ ನಿಂತು ಗೊತ್ತಿದ್ದವರ ಕೈಗೆ ಅಂಗಡಿ ಬಂತು. ಆದರೆ ಎರಡೇ ವರ್ಷಕ್ಕೆ, 2013ರ ಜುಲೈನಲ್ಲಿ, ದೊಡ್ಡ ಹೊಡೆತ ಬಿತ್ತು. ಬಳಕೆದಾರರ ಪರ ಕೆಲಸ ಮಾಡುವ ಒಂದು ಸಂಸ್ಥೆ ಇವರ ಬಿಗ್ ಕ್ಯಾಚ್ ಊಟವನ್ನು ಪರೀಕ್ಷೆಗೆ ಕೊಟ್ಟು, ಅಮೆರಿಕದ ಅತಿ ಕೆಟ್ಟ ಹೋಟೆಲ್ ಊಟ ಎಂದು ಸಾರಿತು. ಒಂದು ಊಟದಲ್ಲಿ 33 ಗ್ರಾಮ್ ಟ್ರಾನ್ಸ್ ಕೊಬ್ಬು, ಸುಮಾರು 3,700 ಮಿಲಿಗ್ರಾಮ್ ಸೋಡಿಯಂ. ದಿನಕ್ಕೆ ಎರಡು ಗ್ರಾಮ್ ಟ್ರಾನ್ಸ್ ಕೊಬ್ಬು ದಾಟಬಾರದೆಂದು ವೈದ್ಯರು ಹೇಳುತ್ತಿದ್ದ ಕಾಲ.

ಇಲ್ಲಿ ತಪ್ಪು ಮೀನಿನದಲ್ಲ, ಎಣ್ಣೆಯದು. ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅರೆಗಟ್ಟಿ ಮಾಡಿದರೆ ಅದು ದಿನಗಟ್ಟಲೆ ಕಾಯಿಸಿದರೂ ಬೇಗ ಕೆಡುವುದಿಲ್ಲ, ನೊರೆ ಬರುವುದಿಲ್ಲ, ಖರ್ಚು ಉಳಿಯುತ್ತದೆ. ನಮ್ಮಲ್ಲಿ ವನಸ್ಪತಿ ಎನ್ನುವುದು ಅದೇ ಜಾತಿ. ಟ್ರಾನ್ಸ್ ಕೊಬ್ಬು ಹುಟ್ಟುವುದು ಆ ಪ್ರಕ್ರಿಯೆಯಲ್ಲಿ. ಉಳಿದ ದೊಡ್ಡ ಸರಣಿಗಳು ಕೆಲವು ವರ್ಷ ಮೊದಲೇ ಅದನ್ನು ಬಿಟ್ಟಿದ್ದವು, ಇವರು ತಡಮಾಡಿದ್ದರು. ಸುದ್ದಿ ಬಂದ ಮೇಲೆ ಎಣ್ಣೆ ಬದಲಿಸಿದರು, ಇಂದು ನೀವು ತಿಂದದ್ದರಲ್ಲಿ ಆ ದೋಷವಿಲ್ಲ. ಉಪ್ಪು ಮಾತ್ರ ಈಗಲೂ ಜಾಸ್ತಿಯೇ. ರಕ್ತದೊತ್ತಡ ಇದ್ದರೆ ಒಂದು ತುಂಡಿಗೆ ನಿಲ್ಲಿಸುವುದು ಒಳ್ಳೆಯದು.

ಅಂಗಡಿಗಳ ಸಂಖ್ಯೆ ಈಗ ಐನೂರಕ್ಕೂ ಕೆಳಗಿದೆ. 1969ರ ಅದೇ ಆಗಸ್ಟಿನಲ್ಲಿ ಹುಟ್ಟಿದ ನ್ಯಾಶ್‌ವಿಲ್‌ನ ಕ್ಯಾಪ್ಟನ್ ಡೀಸ್ ಐನೂರು ದಾಟಿ ನಿಂತಿದೆ. ಅವರಿಗೂ ಇದ್ದದ್ದು ಅದೇ ಸಮುದ್ರ, ಅದೇ ಬೆಲೆ, ಮಾಲೀಕರೂ ಹಲವು ಸಲ ಬದಲಾದರು. ಆದರೆ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಹೆಚ್ಚು ಹರಡಲಿಲ್ಲ, ಹಳೆಯ ಅಂಗಡಿಗಳನ್ನು ನವೀಕರಿಸಿದರು, ಕರಿದದ್ದರ ಪಕ್ಕದಲ್ಲಿ ಸುಟ್ಟ ಮೀನನ್ನೂ ಇಟ್ಟರು. ಕೆಂಟಕಿಯ ಅಂಗಡಿ ತಾನೇ ಮಾಡಬಹುದಾಗಿದ್ದ ಕೆಲಸವಿದು, ಬಡ್ಡಿಯ ವರ್ಷಗಳಲ್ಲಿ ಕೈ ತಪ್ಪಿತು ಎಂಬ ಬೇಸರ ನನಗಿದೆ.

ನಿಮ್ಮ ಮಗಳು ಹೇಳಿದ್ದು ನಿಜ. 2025ರಲ್ಲಿ ಲೋಗೊದಲ್ಲಿ ಮೀನಿನ ಜಾಗಕ್ಕೆ ಕೋಳಿ ಬಂದಿದೆ. ಕೋಳಿ ಅವರಿಗೆ ಹೊಸತಲ್ಲ, ಮೀನಿಗೆ ಬಳಸುವ ಅದೇ ಹಿಟ್ಟಿನಲ್ಲಿ ದಶಕಗಳಿಂದ ಕರಿದು ಮಾರುತ್ತಿದ್ದಾರೆ. ಈಗ ಅದನ್ನೇ ಮುಂದೆ ತಂದಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಅರ್ಥವಾಗುತ್ತದೆ. ಆದರೂ ಕೋಳಿಯಲ್ಲಿ ಅವರ ಎದುರಾಳಿಗಳು ಹಲವಾರು, ಮೀನಿನಲ್ಲಿ ಒಬ್ಬಿಬ್ಬರು. ನನ್ನನ್ನು ಕೇಳಿದ್ದರೆ ಲೋಗೊದಲ್ಲಿ ಮೀನನ್ನೇ ಉಳಿಸಿ ಎನ್ನುತ್ತಿದ್ದೆ.

ಇನ್ನು ರುಚಿ. ಬಂಗುಡೆ, ಬೈಗೆ, ಅಂಜಲ್ ಸದಾ ಈಜುವ ಮೀನುಗಳು, ಬಂಗುಡೆ ಮತ್ತು ಬೈಗೆಯ ಕೊಬ್ಬು ಮಾಂಸದಲ್ಲೇ ಹರಡಿರುತ್ತದೆ, ನಾವು ಮೀನಿನ ರುಚಿ ಅನ್ನುವುದು ಬಹಳಮಟ್ಟಿಗೆ ಆ ಕೊಬ್ಬನ್ನು. ಕಾಡ್, ಪೊಲಾಕ್ ಕೊಬ್ಬನ್ನು ಪಿತ್ತಜನಕಾಂಗದಲ್ಲಿ (ಲಿವರ್) ಕೂಡಿಡುತ್ತವೆ, ಕಾಡ್ ಲಿವರ್ ಎಣ್ಣೆ ಬರುವುದು ಅಲ್ಲಿಂದ. ಮಾಂಸ ಬಿಳಿ, ಒಣ, ಸಪ್ಪೆ. ತಿಂಗಳುಗಟ್ಟಲೆ ಫ್ರೀಜರಿನಲ್ಲಿಟ್ಟರೂ ಅದು ಬಂಗುಡೆಯ ಹಾಗೆ ಬೇಗ ಕಮಟಾಗುವುದಿಲ್ಲ, ಆದ್ದರಿಂದಲೇ ಕಡಲಿಲ್ಲದ ಊರಿಗೆ ಹೋಗಲು ಯೋಗ್ಯ. ಒಳಗೆ ಮಸಾಲೆ ಹಿಡಿಸುವ ಪದ್ಧತಿಯೂ ಅಲ್ಲಿಲ್ಲ, ಉಪ್ಪು ಖಾರವೆಲ್ಲ ಹೊರಗಿನ ಹಿಟ್ಟಿನಲ್ಲಿ. ಮುಂದಿನ ಸಲ ಹೋದಾಗ ಪಾರ್ಸೆಲ್ ಬೇಡ, ಅಲ್ಲೇ ಕೂತು ತಿನ್ನಿ. ಮಧ್ಯಾಹ್ನ ಜನ ಇರುವ ಹೊತ್ತಿಗೆ ಹೋದರೆ ಆಗಷ್ಟೇ ಕರಿದದ್ದು ಸಿಗುತ್ತದೆ. ಮಾಲ್ಟ್ ವಿನೆಗರ್ ಕೇಳಿ ಧಾರಾಳವಾಗಿ ಹಾಕಿಕೊಳ್ಳಿ. ನಮ್ಮಲ್ಲಿ ಹುಣಸೆಹಣ್ಣು ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ತಪಸ್ಸು ಕಾಲದ ಶುಕ್ರವಾರ ಸಿಕ್ಕರೆ ಇನ್ನೂ ಒಳ್ಳೆಯದು, ಅಂದು ಯಾವ ತುಂಡೂ ದೀಪದ ಕೆಳಗೆ ಕಾಯುತ್ತ ಕೂರುವುದಿಲ್ಲ.